ಜೋಡಾಸಾಂಕೊ ಠಾಕೂರ್‌ಬಾಡಿ

ಉತ್ತರ ಕೋಲ್ಕತ್ತದ ಚಿತ್ಪುರ ರಸ್ತೆಯಿಂದ ಕವಲೊಡೆದ ಓಣಿಯೊಂದರಲ್ಲಿದೆ ಜೋಡಾಸಾಂಕೊ ಠಾಕೂರ್‌ಬಾಡಿ. ರವೀಂದ್ರನಾಥ ಠಾಕೂರರು 1861ರ ಮೇ 7ರಂದು ಹುಟ್ಟಿದ್ದು ಈ ಮನೆಯಲ್ಲಿ, 1941ರ ಆಗಸ್ಟ್ 7ರಂದು ಕೊನೆಯುಸಿರೆಳೆದದ್ದೂ ಇಲ್ಲಿಯೇ. ಆದರೆ ಇದನ್ನು ಕವಿಯೊಬ್ಬರ ಮನೆ ಎಂದಷ್ಟೇ ಕರೆದರೆ ಇತಿಹಾಸದ ಬಹುಪಾಲು ಬಿಟ್ಟುಹೋಗುತ್ತದೆ.

ಪಾಥುರಿಯಾಘಾಟದಲ್ಲಿದ್ದ ಠಾಕೂರ್ ಮನೆತನದಲ್ಲಿ ಅಣ್ಣತಮ್ಮಂದಿರು ಬೇರೆಯಾದಾಗ ನೀಲಮಣಿ ಠಾಕೂರರು 1784ರಲ್ಲಿ ಇಲ್ಲಿ ನೆಲೆ ನಿಂತರು. ಅವರ ಮೊಮ್ಮಗ ದ್ವಾರಕಾನಾಥರು ಹಡಗು, ಕಲ್ಲಿದ್ದಲು, ಬ್ಯಾಂಕು ಎಂದು ಕೈ ಚಾಚಿ ಅಪಾರ ಸಂಪತ್ತು ಗಳಿಸಿದರು. ಯುರೋಪಿಯನ್ ಅತಿಥಿಗಳೊಡನೆ ಅವರು ಕೂತು ಉಣ್ಣುವುದು ಮಡಿವಂತರ ಮನೆಗೆ ಒಗ್ಗಲಿಲ್ಲ. ಹಾಗಾಗಿ ಪಕ್ಕದಲ್ಲೇ ಅತಿಥಿಸತ್ಕಾರಕ್ಕೆಂದು ಬೈಠಕ್‌ಖಾನಾ ಮನೆ ಎದ್ದಿತು. 1846ರಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡರು. ವ್ಯಾಪಾರ ಕುಸಿದು, ಸಾಲವೆಲ್ಲ ಮಗ, ರವೀಂದ್ರರ ತಂದೆ ದೇವೇಂದ್ರನಾಥರ ಹೆಗಲೇರಿತು.

ದೇವೇಂದ್ರನಾಥರು 1843ರಲ್ಲೇ ಬ್ರಾಹ್ಮ ಸಮಾಜದ ದೀಕ್ಷೆ ಪಡೆದು ಮೂರ್ತಿಪೂಜೆ ತೊರೆದಿದ್ದರು. ಅವರ ತಮ್ಮ ಗಿರೀಂದ್ರನಾಥರು ತೀರಿಕೊಂಡ ಮೇಲೆ, ಪತ್ನಿ ಜೋಗಮಾಯಾ ದೇವಿ ಕುಲದೇವರಾದ ಲಕ್ಷ್ಮೀ ಜನಾರ್ದನನನ್ನು ಕರೆದುಕೊಂಡು ಬೈಠಕ್‌ಖಾನಾ ಮನೆಗೆ ನಡೆದರು. ಅಂದಿನಿಂದ 5ನೇ ನಂಬರಿನ ಈ ಮನೆಯಲ್ಲಿ ಪೂಜೆ, 6ನೇ ನಂಬರಿನ ಮೂಲ ಮನೆಯಲ್ಲಿ ಬ್ರಹ್ಮೋಪಾಸನೆ. ಒಡೆದ ಮನೆ ಸೊರಗಲಿಲ್ಲ ಎಂಬುದೇ ಇಲ್ಲಿನ ನಿಜವಾದ ವಿಸ್ಮಯ.

5ನೇ ನಂಬರಿನ ದಕ್ಷಿಣದ ಜಗಲಿಯಲ್ಲಿ ಇದೇ ಮನೆತನದ ಗಗನೇಂದ್ರನಾಥ, ಅವನೀಂದ್ರನಾಥ ಸೋದರರು ಕುಂಚ ಹಿಡಿದು ಕೂತರು; ಭಾರತೀಯ ಚಿತ್ರಕಲೆಗೆ ಹೊಸ ದಾರಿ ತೆರೆಯಿತು. 6ನೇ ನಂಬರಿನಲ್ಲಿ 1881ರಲ್ಲಿ ‘ವಾಲ್ಮೀಕಿ ಪ್ರತಿಭಾ’ ರಂಗವೇರಿತು. ವಾಲ್ಮೀಕಿಯಾಗಿ ನಿಂತವರು ಇಪ್ಪತ್ತು ತುಂಬದ ರವೀಂದ್ರರು, ಸರಸ್ವತಿಯಾದವರು ಅಣ್ಣನ ಮಗಳು ಪ್ರತಿಭಾ. ಮನೆಯ ಹೆಣ್ಣುಮಗಳು ಅತಿಥಿಗಳೆದುರು ಅಭಿನಯಿಸುವುದು ಆ ಕಾಲಕ್ಕೆ ಸಣ್ಣ ಎದೆಗಾರಿಕೆಯಲ್ಲ. ಮುಂದೆ ಇಲ್ಲಿನ ‘ವಿಚಿತ್ರಾ’ ಸಭಾಂಗಣದಲ್ಲಿ ರವೀಂದ್ರರ ‘ಡಾಕ್‌ಘರ್’ ನಾಟಕವಾಡಿದಾಗ, 1917ರ ಕಾಂಗ್ರೆಸ್ ಅಧಿವೇಶನಕ್ಕೆಂದು ಬಂದಿದ್ದ ಗಾಂಧಿ, ತಿಲಕರು ನೋಡುಗರ ಸಾಲಿನಲ್ಲಿದ್ದರು.

ಕನ್ನಡ ನಾಡಿಗೂ ಈ ಮನೆಯ ನಂಟುಂಟು. ರವೀಂದ್ರರ ಅಣ್ಣ, ಮೊದಲ ಭಾರತೀಯ ಐಸಿಎಸ್ ಅಧಿಕಾರಿ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಅಲ್ಲಿನ ಕಡಲ ತಡಿಯಲ್ಲಿ ‘ಪ್ರಕೃತಿಯ ಪ್ರತಿಶೋಧ’ ನಾಟಕ ಬರೆದು ಮರಳಿದ ರವೀಂದ್ರರು, 1883ರ ಡಿಸೆಂಬರಿನಲ್ಲಿ ಜೋಡಾಸಾಂಕೊದಲ್ಲೇ ಮೃಣಾಲಿನಿಯವರ ಕೈಹಿಡಿದರು.

5ನೇ ನಂಬರಿನ ಮನೆ ಉಳಿಯಲಿಲ್ಲ. ಮಾರಾಟವಾಗಿ ನೆಲಸಮವಾದದ್ದು ಬಂಗಾಳದ ಕಲಾಚರಿತ್ರೆಗೆ ತುಂಬಲಾಗದ ನಷ್ಟ. 6ನೇ ನಂಬರಿನ ಮನೆಯ ಆವರಣದಲ್ಲಿ 1962ರಲ್ಲಿ ರವೀಂದ್ರ ಭಾರತಿ ವಿಶ್ವವಿದ್ಯಾಲಯ ಆರಂಭವಾಯಿತು; ಕವಿ ಬಾಳಿದ ಕೋಣೆಗಳು ಈಗ ವಸ್ತುಸಂಗ್ರಹಾಲಯದ ಭಾಗವಾಗಿವೆ.