ಹಿಡಿ ಜೋಳದ ನಲವತ್ತು ದಿನ

ಬೂದಿ ಬುಧವಾರದ ಹಿಂದಿನ ಸಂಜೆ ನಮ್ಮ ದೇವಾಲಯದ ಹಿಂಬದಿಯ ಅಂಗಳದಲ್ಲಿ ಸಭೆಯ ಹಿರಿಯರೊಬ್ಬರು ಹಳೆಯ ಬಾಣಲೆಯೊಂದನ್ನು ಕಲ್ಲಿನ ಮೇಲಿಟ್ಟು ಕೂರುತ್ತಾರೆ. ಹೋದ ವರ್ಷದ ಗರಿಗಳ ಭಾನುವಾರ ಮನೆಮನೆಗೆ ಒಯ್ದು, ಬಾಗಿಲ ಮೇಲೋ ಸತ್ಯವೇದದ ನಡುವೆಯೋ ಇಟ್ಟಿದ್ದ ಗರಿಯ ಶಿಲುಬೆಗಳು ಅಷ್ಟು ಹೊತ್ತಿಗೆ ವಾಪಸು ಬಂದಿರುತ್ತವೆ. ವರ್ಷವಿಡೀ ಬಳ್ಳಾರಿಯ ಬಿಸಿಲಿಗೆ ಒಣಗಿದ ಗರಿ. ಒಂದು ಕಡ್ಡಿ ಗೀರಿದರೆ ಸಾಕು. ಉರಿ ಆರಿದ ಮೇಲೆ ಬೂದಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ನಾರು ತೆಗೆದು, ನಾಲ್ಕು ಹನಿ ಎಣ್ಣೆ ಬೆರೆಸುತ್ತಾರೆ. ಇಡೀ ಸಭೆಯ ಹಣೆಗೆ ಸಾಲುವಷ್ಟು ಬೂದಿ ಒಂದು ಕಾಫಿ ಬಟ್ಟಲಿನಲ್ಲಿ ಹಿಡಿಯುತ್ತದೆ.

ಈ ಬೂದಿ ನಮ್ಮ ಮುತ್ತಜ್ಜ ಮುತ್ತಜ್ಜಿಯರ ಹಣೆಯ ಮೇಲೆ ಬಿದ್ದದ್ದಲ್ಲ. ಈ ಸಂಚಿಕೆಯನ್ನು ಓದುವ ನಮ್ಮ ಮಕ್ಕಳಿಗೆ ಇದು ಆಶ್ಚರ್ಯವೆನಿಸಬಹುದು. ಬೂದಿ ಬುಧವಾರಕ್ಕೆ ಶುರುವಾಗುವ ನಲವತ್ತು ದಿನದ ಲೆಂಟ್ ಕಾಲ, ನೇರಳೆ ವಸ್ತ್ರ, ಶುಭ ಶುಕ್ರವಾರದ ಮೂರು ತಾಸಿನ ಆರಾಧನೆ, ಎಲ್ಲವೂ ಮೊದಲಿನಿಂದಲೂ ನಮ್ಮವೇ ಎಂದು ಅವರು ತಿಳಿದಿದ್ದಾರೆ. ಆದರೆ ಬಳ್ಳಾರಿಯ ಕನ್ನಡ ಸಭೆಯ ಬೇರು ಲಂಡನ್ ಮಿಷನ್ನಿನದು. 1810ರಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಾಗ ಈ ಸೀಮೆ ಕಂಪನಿಯ ಕೈಸೇರಿ ಹತ್ತು ವರ್ಷವಾಗಿತ್ತು. ಕೋಟೆಯ ಕೆಳಗೆ ದಂಡು ಬೀಡುಬಿಟ್ಟಿತ್ತು. ಹ್ಯಾಂಡ್ಸ್ ಅವರನ್ನು ಕಳಿಸಿದ ಲಂಡನ್ ಮಿಷನರಿ ಸೊಸೈಟಿಯಲ್ಲಿ ಹೆಚ್ಚಿನವರು ಬಿಷಪರಿಲ್ಲದ ಸಭೆಗಳವರು. ಸಭೆಯ ತೀರ್ಮಾನ ಸಭೆಯೇ ಮಾಡಬೇಕು, ವಾಕ್ಯವೇ ಮುಖ್ಯ, ಗೊತ್ತುಮಾಡಿದ ಉಪವಾಸದ ದಿನಗಳು ಬೇಕಿಲ್ಲ ಎನ್ನುವ ಪಂಥ ಅದು. ನಲವತ್ತು ದಿನದ ಲೆಕ್ಕ ಇಟ್ಟುಕೊಂಡಿದ್ದವರು ದಂಡಿನ ಪ್ರದೇಶದ ಇಂಗ್ಲಿಷ್ ದೇವಾಲಯದವರು: ಸೈನಿಕರು, ಅಧಿಕಾರಿಗಳು, ಅವರ ಚಾಪ್ಲಿನ್ನರು. ಒಂದೇ ಊರಿನಲ್ಲಿ ಒಂದೇ ಯೇಸುವಿನ ಎರಡು ಮಂದೆ. ಕೌಲ್‌ಬಜಾರಿನಿಂದ ಆ ಇಂಗ್ಲಿಷ್ ದೇವಾಲಯದ ಗಂಟೆಯ ದನಿ ಕೇಳಿಸುತ್ತಿದ್ದರೂ ನಮ್ಮವರು ಒಳಗೆ ಹೋಗುತ್ತಿರಲಿಲ್ಲ.

ಹಾಗೆಂದು ನಮ್ಮ ಹಿರಿಯರದ್ದು ಬಡ ಪರಂಪರೆಯೆಂದು ಯಾರೂ ತಿಳಿಯಬಾರದು. ಇಂದು ನಾವು ಲೆಂಟ್‌ನಲ್ಲಿ ಯಾವ ಕನ್ನಡದಲ್ಲಿ ಪ್ರಾರ್ಥಿಸುತ್ತೇವೆಯೋ ಅದಕ್ಕೆ ಮೊದಲ ಹದ ಕೊಟ್ಟದ್ದು ಈ ಊರೇ. ಇಲ್ಲಿನ ಪಂಡಿತರನ್ನು ಕೂರಿಸಿಕೊಂಡು ಹ್ಯಾಂಡ್ಸ್ ಮತ್ತು ಸಂಗಡಿಗರು ಸತ್ಯವೇದವನ್ನು ಕನ್ನಡಕ್ಕೆ ತಂದರು. 1831–32ರ ಹೊತ್ತಿಗೆ ಇಡೀ ಗ್ರಂಥ ಅಚ್ಚಾಗಿತ್ತು. ಅದೇ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟರು. ಹರ್ಮನ್ ಮೋಗ್ಲಿಂಗ್ 1843ರ ಜುಲೈನಲ್ಲಿ ಶುರುಮಾಡಿದ ‘ಮಂಗಳೂರು ಸಮಾಚಾರ’ ಪತ್ರಿಕೆ ಮರುವರ್ಷ ‘ಕನ್ನಡ ಸಮಾಚಾರ’ವಾಗಿ ಮೊಳೆ ಅಚ್ಚಿಗೆ ಬಂದದ್ದು ಬಳ್ಳಾರಿಯಲ್ಲೇ. ಇಲ್ಲಿ ಬೆಳೆದ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಹೋಗಿ ಅಲ್ಲಿನ ಮಿಷನ್ನಿಗೆ ಅಡಿಪಾಯ ಹಾಕಿದರು. ಬಳ್ಳಾರಿಯ ವಾರ್ಡ್ಲಾ ಶಾಲೆಯಲ್ಲಿ ಅಕ್ಷರ ಕಲಿತವರು ಇಂದಿಗೂ ಊರಿನ ಎಲ್ಲ ಓಣಿಗಳಲ್ಲಿ ಸಿಗುತ್ತಾರೆ. ಪಶ್ಚಾತ್ತಾಪ, ಶ್ರಮೆ, ಕೃಪೆ ಎಂದು ನಾವು ಬಾಯಿ ತೆರೆದಾಗಲೆಲ್ಲ ಆ ಪಂಡಿತರ ನಾಲಿಗೆ ನಮ್ಮೊಳಗೆ ಆಡುತ್ತದೆ. ಅವರ ಹೆಸರು ನಮ್ಮ ಗೋಡೆಯ ಯಾವ ಕಲ್ಲಿನ ಮೇಲೂ ಇಲ್ಲ ಎಂಬ ನೋವು ನನಗಿದೆ.

ಎರಡು ಮಂದೆ ಒಂದಾದದ್ದು 1947ರ ಸೆಪ್ಟೆಂಬರ್ 27ರಂದು. ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥೋಡಿಸ್ಟರು, ದಕ್ಷಿಣ ಭಾರತ ಐಕ್ಯ ಸಭೆಯವರು ಕೂಡಿ ದಕ್ಷಿಣ ಇಂಡಿಯಾ ಸಭೆಯಾದರು. ಲಂಡನ್ ಮಿಷನ್ನಿನ ಸಭೆಗಳು 1908ರಿಂದಲೇ ಐಕ್ಯ ಸಭೆಯಲ್ಲಿದ್ದವು. 1947ರಿಂದ ನಮಗೂ ಬಿಷಪರು ಬಂದರು, ವರ್ಷದ ಪಂಚಾಂಗ ಬಂತು, 1963ರಲ್ಲಿ ಇಡೀ ಆರಾಧನಾ ಕ್ರಮದ ಪುಸ್ತಕವೂ ಬಂತು. ಲೆಂಟ್ ಮಾತ್ರ ಒಂದೇ ಸಲಕ್ಕೆ ಬರಲಿಲ್ಲ. ಮೊದಲು ಶುಭ ಶುಕ್ರವಾರದ ದೀರ್ಘ ಆರಾಧನೆ, ಆಮೇಲೆ ನೇರಳೆ ವಸ್ತ್ರ, ಬಹಳ ತಡವಾಗಿ ಬೂದಿ. ನನ್ನ ಅಜ್ಜಿ ಕೊನೆಯವರೆಗೂ ಹಣೆಗೆ ಬೂದಿ ಹಚ್ಚಿಸಿಕೊಳ್ಳಲಿಲ್ಲ. ಅಯ್ಯನವರು ಬಟ್ಟಲು ಹಿಡಿದು ಬಂದರೆ ತಲೆ ಬಾಗಿಸಿ ಕೈಮುಗಿದು ಸುಮ್ಮನೆ ನಿಲ್ಲುತ್ತಿದ್ದಳು. ಅವರೂ ಒತ್ತಾಯ ಮಾಡದೆ ಮುಂದಿನವರ ಹತ್ತಿರ ಹೋಗುತ್ತಿದ್ದರು. ಇಬ್ಬರಲ್ಲಿ ಯಾರೂ ತಪ್ಪು ಮಾಡಿದರೆಂದು ನನಗೆ ಅನ್ನಿಸುವುದಿಲ್ಲ.

ಆದರೆ ಅಜ್ಜಿಯಷ್ಟು ಗಟ್ಟಿಯಾಗಿ ಲೆಂಟ್ ಹಿಡಿದವರನ್ನು ನಾನು ಕಂಡಿಲ್ಲ. ಅವಳ ಲೆಂಟ್ ಇದ್ದದ್ದು ಅಡುಗೆಮನೆಯ ಮೂಲೆಯ ಒಂದು ತಗಡಿನ ಡಬ್ಬಿಯಲ್ಲಿ. ರೊಟ್ಟಿಗೆಂದು ಜೋಳ ಅಳೆದು ಮೊರಕ್ಕೆ ಹಾಕಿಕೊಂಡ ಮೇಲೆ ಅದರಿಂದ ಒಂದು ಹಿಡಿ ತೆಗೆದು ಆ ಡಬ್ಬಿಗೆ ಹಾಕುತ್ತಿದ್ದಳು. ಮೊದಲೇ ಹೆಚ್ಚಿಗೆ ಅಳೆದುಕೊಂಡು ಹಿಡಿ ತೆಗೆಯುವ ಹಾಗಿಲ್ಲ. ಮನೆಯವರ ಪಾಲಿನಿಂದಲೇ ಅದು ಕಡಿಮೆಯಾಗಬೇಕು. ‘ಹಿಡಿ ತೆಗೆದೇನವ್ವಾ?’ ಎಂದು ಸೊಸೆಯಂದಿರನ್ನು ದಿನಾ ಕೇಳುತ್ತಿದ್ದಳು. ಗರಿಗಳ ಭಾನುವಾರ ಡಬ್ಬಿಗಳೆಲ್ಲ ದೇವಾಲಯಕ್ಕೆ ಬರುತ್ತಿದ್ದವು. ಮುಂದೆ ಚಾಪೆ ಹಾಸಿ ಒಂದೊಂದಾಗಿ ಸುರಿಯುವಾಗ ಜೋಳದ ರಾಶಿ ಸರ್ರನೆ ಜಾರಿ ಹರಡುವ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಆ ಜೋಳ ವಿಧವೆಯರ ಮನೆಗಳಿಗೆ, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಿತ್ತು. ಅವರು ಯಾವ ಜಾತಿ, ಯಾವ ಮತ ಎಂದು ಕೇಳುತ್ತಿರಲಿಲ್ಲ.

ಈ ಹಿಡಿಯ ಹಿಂದೆ ಬಳ್ಳಾರಿಯ ಹಸಿವಿದೆ. 1876ರಿಂದ 78ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಅತಿ ಹೆಚ್ಚು ಸುಟ್ಟುಹೋದ ಜಿಲ್ಲೆಗಳಲ್ಲಿ ನಮ್ಮದೂ ಒಂದು. 1871ರ ಜನಗಣತಿಗೂ 1881ರದಕ್ಕೂ ನಡುವೆ ಇಲ್ಲಿನ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗ ಇಳಿದುಹೋಯಿತು. ತಂದೆತಾಯಿ ಕಳೆದುಕೊಂಡ ಮಕ್ಕಳು ಆ ಕಾಲದಲ್ಲಿ ಮಿಷನ್ ಕಾಂಪೌಂಡುಗಳ ಆಸರೆಗೆ ಬಂದರು. ಅಂಥವರ ಮೊಮ್ಮಕ್ಕಳಿಗೆ ಉಪವಾಸ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. ಹೊಟ್ಟೆ ತುಂಬ ಉಣ್ಣುವ ದಿನ ಬಂದಾಗ ಒಂದು ಹಿಡಿ ಬಿಟ್ಟುಕೊಡುವುದೇ ಅವರಿಗೆ ಉಪವಾಸಕ್ಕಿಂತ ದೊಡ್ಡ ವ್ರತವಾಗಿತ್ತು.

ಡಬ್ಬಿಯಲ್ಲಿ ಜೋಳ ಹೋಗಿ ಅಕ್ಕಿ ಬಂದದ್ದನ್ನೂ ನಾನು ಕಂಡಿದ್ದೇನೆ. ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಬಿದ್ದದ್ದು 1953ರಲ್ಲಿ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ, ಅಕ್ಟೋಬರ್ 1ರಂದು. ಕೆಳಮಟ್ಟದ ಕಾಲುವೆ ಹರಿದ ಕಡೆಯೆಲ್ಲ ಸೀಮೆಯ ಬಣ್ಣ ಬದಲಾಯಿತು. ಸಿರುಗುಪ್ಪ ಭತ್ತದ ಕಣಜವಾಯಿತು, ರೈಸ್‌ಮಿಲ್ಲುಗಳು ಎದ್ದವು. ಸಿರುಗುಪ್ಪದ ಕಡೆಯಿಂದ ಬರುವ ನಮ್ಮವರು ಸೋನಾ ಮಸೂರಿಯ ಸಣ್ಣ ಚೀಲ ತರತೊಡಗಿದ ಮೇಲೆ ಊರಿನ ಡಬ್ಬಿಗಳೂ ಒಂದೊಂದಾಗಿ ಬೆಳ್ಳಗಾದವು. ಈಗ ಕವರಿನಲ್ಲಿ ಹಣ ಹಾಕುವವರೇ ಹೆಚ್ಚು. ಹಣವೂ ಕಾಣಿಕೆಯೇ, ಬೇಡವೆನ್ನಲಾರೆ. ಆದರೆ ಹಿಡಿಗೆ ದಿನಾ ಕೈ ಹಾಕಬೇಕು. ಕವರು ಒಂದೇ ಭಾನುವಾರದಲ್ಲಿ ಮುಗಿಯುತ್ತದೆ.

ಹಳ್ಳಿಯ ಲೆಂಟ್ ಬೇರೆಯದೇ. ಕುರುಗೋಡಿನ ಸುತ್ತಮುತ್ತ ಆ ತಿಂಗಳುಗಳಲ್ಲಿ ಮೆಣಸಿನಕಾಯಿ ಬಿಡಿಸುವ ಕೆಲಸ. ಹೆಂಗಸರು ಹೊತ್ತು ಮುಳುಗುವವರೆಗೆ ಹೊಲದಲ್ಲಿರುತ್ತಾರೆ. ಹೀಗಾಗಿ ಮನೆಕೂಟ ಶುರುವಾಗುವುದೇ ರಾತ್ರಿ ಒಂಬತ್ತಕ್ಕೆ. ಖಾರದ ಉರಿ ಹತ್ತಿದ ಕೈಗಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಬಂದು ಕೂರುತ್ತಾರೆ. ಕಣ್ಣಿಗೆ ಕೈ ತಾಗೀತೆಂದು ಪ್ರಾರ್ಥನೆಯಲ್ಲೂ ಕೈಯನ್ನು ಮುಖದಿಂದ ದೂರವೇ ಹಿಡಿದಿರುತ್ತಾರೆ. ಅಂಥ ಕೂಟದಲ್ಲಿ ಉಪದೇಶ ಹತ್ತು ನಿಮಿಷ ಮೀರಬಾರದೆಂದು ನಮ್ಮ ಹಿಂದಿನ ಅಯ್ಯನವರೊಬ್ಬರು ನಿಯಮ ಮಾಡಿಕೊಂಡಿದ್ದರು. ಅವರ ಆ ಕರುಣೆಯನ್ನು ನಾನು ಮರೆತಿಲ್ಲ.

ನಾವೊಬ್ಬರೇ ಉಪವಾಸ ಮಾಡುವ ಊರಲ್ಲ ಇದು. 2025ರಲ್ಲಿ ಫೆಬ್ರವರಿ 26ಕ್ಕೆ ಶಿವರಾತ್ರಿ, ಮಾರ್ಚ್ 2ಕ್ಕೆ ರಂಜಾನ್ ರೋಜಾ ಶುರು, ಮಾರ್ಚ್ 5ಕ್ಕೆ ನಮ್ಮ ಬೂದಿ ಬುಧವಾರ. ಎಂಟು ದಿನದೊಳಗೆ ಮೂರು ಮನೆಯವರು ಬೇರೆಬೇರೆ ಲೆಕ್ಕದಲ್ಲಿ ಹೊಟ್ಟೆ ಕಟ್ಟಿದರು. ಹಂಪಿಯ ತೇರು ಚೈತ್ರದ ಹುಣ್ಣಿಮೆಗೆ. ಈಸ್ಟರ್ ಲೆಕ್ಕವೂ ಹುಣ್ಣಿಮೆಯದೇ, ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರ. ಎಷ್ಟೋ ವರ್ಷ ಎರಡಕ್ಕೂ ಒಬ್ಬನೇ ಚಂದ್ರ. ಕುರುಗೋಡಿನ ನಮ್ಮವರು ದೊಡ್ಡಬಸವೇಶ್ವರನ ತೇರು ಮುಗಿಸಿ ಬಂದ ನೆರೆಯವರ ಮನೆಯ ಮಂಡಕ್ಕಿ ಬತ್ತಾಸನ್ನು ಲೆಂಟ್‌ನಲ್ಲೂ ಬೇಡವೆಂದಿಲ್ಲ. ಕೊಟ್ಟವರ ಮನಸ್ಸು ನೋಯಿಸಿ ಹಿಡಿಯುವ ವ್ರತ ವ್ರತವಲ್ಲ ಎಂಬುದು ನಮ್ಮ ಹೆಂಗಸರ ಧರ್ಮಶಾಸ್ತ್ರ.

ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ, ಬಳ್ಳಾರಿಯ ಬಿಸಿಲು ನೆತ್ತಿಯ ಮೇಲಿರುವಾಗ, ಶಿಲುಬೆಯ ಏಳು ಮಾತುಗಳ ಧ್ಯಾನ. ಒಂದೊಂದು ಮಾತಿಗೆ ಸಭೆಯ ಒಬ್ಬೊಬ್ಬರು ನಿಲ್ಲುತ್ತಾರೆ: ಶಿಕ್ಷಕಿ, ರೈಲ್ವೆಯಿಂದ ನಿವೃತ್ತರಾದವರು, ಕಾಲೇಜಿನ ಹುಡುಗ. ‘ನನಗೆ ನೀರಡಿಕೆಯಾಗಿದೆ’ ಎಂಬ ಐದನೆಯ ಮಾತಿಗೆ ಇಲ್ಲಿ ವಿವರಣೆ ಬೇಕಾಗುವುದಿಲ್ಲ. ಅಷ್ಟು ಹೊತ್ತಿಗೆ ಬೆಂಚಿನ ಮರವೇ ಬಿಸಿಯಾಗಿರುತ್ತದೆ, ಮುದುಕರು ಸೆರಗಿನಲ್ಲೋ ಟವಲಿನಲ್ಲೋ ಮುಖ ಒರೆಸಿಕೊಳ್ಳುತ್ತಾರೆ, ಆದರೂ ಮೂರರವರೆಗೆ ಯಾರೂ ನೀರು ಕುಡಿಯುವುದಿಲ್ಲ. ಆಮೇಲೆ ಬಾಗಿಲ ಬಳಿ ಮಜ್ಜಿಗೆ. ಮೊದಲ ಲೋಟ ಸಿರುಗುಪ್ಪ, ಕುರುಗೋಡಿನಿಂದ ಬಸ್ಸಿನಲ್ಲಿ ಬಂದವರಿಗೆ. ಅವರು ಸಂಜೆಯೊಳಗೆ ಊರು ಸೇರಬೇಕು.

ಇದರಲ್ಲಿ ಎಷ್ಟು ಬರಹದಲ್ಲಿದೆ ಎಂದು ಹುಡುಕಿದರೆ ಸಿಗುವುದು ಬಹಳ ಕಡಿಮೆ. ಮಿಷನರಿಗಳ ಕಾಗದಗಳು ಲಂಡನ್ನಿನಲ್ಲಿ ಭದ್ರವಾಗಿವೆ. ನಮ್ಮ ಅಜ್ಜಿಯರ ಹಿಡಿ ಜೋಳದ ಲೆಕ್ಕ ಎಲ್ಲಿಯೂ ಇಲ್ಲ. ಈ ಸಂಚಿಕೆ ಕೈಗೆ ಬಂದವರಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಗೀತೆಪುಸ್ತಕ, ಸ್ತ್ರೀ ಸಮಾಜದ ಲೆಕ್ಕದ ನೋಟುಬುಕ್ಕು, ದೀಕ್ಷಾಸ್ನಾನದ ಚೀಟಿ, ಸಭೆಯವರೆಲ್ಲ ಸೇರಿ ತೆಗೆಸಿಕೊಂಡ ಫೋಟೋ ಏನಾದರೂ ಇದ್ದರೆ ರದ್ದಿಗೆ ಹಾಕಬೇಡಿ, ಸಭೆಯ ಕಚೇರಿಗೆ ತಂದು ತೋರಿಸಿ. ಫೋಟೋದ ಹಿಂದೆ ಹೆಂಗಸರ ಹೆಸರುಗಳನ್ನು ಬರೆಸಿ. ಅವರನ್ನು ಗುರುತಿಸಬಲ್ಲ ಹಿರಿಯರು ನಮ್ಮಲ್ಲಿ ಇನ್ನು ಕೆಲವರೇ ಉಳಿದಿದ್ದಾರೆ.