ಸಲಿಂಗ ವಿವಾಹ: ಧಾರ್ಮಿಕ ಆಕ್ಷೇಪಗಳೇನು, ಉತ್ತರಗಳೇನು?

ಬೆಂಗಳೂರು: ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ನೀಡಲು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2023ರ ಅಕ್ಟೋಬರ್ 17ರಂದು ನಿರಾಕರಿಸಿತು. ಮರುಪರಿಶೀಲನಾ ಅರ್ಜಿಗಳು 2025ರ ಜನವರಿಯಲ್ಲಿ ವಜಾಗೊಂಡವು. ಇದು ಶಾಸನಸಭೆಗಳು ತೀರ್ಮಾನಿಸಬೇಕಾದ ವಿಷಯ ಎಂಬುದು ನ್ಯಾಯಾಲಯದ ನಿಲುವು. ಆದ್ದರಿಂದ ಚರ್ಚೆ ಈಗ ಸಮಾಜದ ಮುಂದಿದೆ. ಅಲ್ಲಿ ಮೊದಲು ಎದುರಾಗುವುದು ಧರ್ಮದ ಪ್ರಶ್ನೆ. ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಗಳು ಮತ್ತು ಅವುಗಳಿಗಿರುವ ಉತ್ತರಗಳ ಸ್ಥೂಲ ಪರಿಚಯ ಇಲ್ಲಿದೆ.

ಬೇಡಿಕೆ ಏನಿತ್ತು?

ಅರ್ಜಿದಾರರಲ್ಲಿ ಬೆಂಗಳೂರಿನ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಅವರೂ ಇದ್ದರು. ಧಾರ್ಮಿಕ ವೈಯಕ್ತಿಕ ಕಾನೂನುಗಳನ್ನು ಪರಿಶೀಲಿಸುವುದಿಲ್ಲ, ವಿಚಾರಣೆ 1954ರ ವಿಶೇಷ ವಿವಾಹ ಕಾಯ್ದೆಗೆ ಸೀಮಿತ ಎಂದು ಪೀಠವು ಆರಂಭದಲ್ಲಿಯೇ ಸ್ಪಷ್ಟಪಡಿಸಿತ್ತು.

ಈ ಕಾಯ್ದೆಯ ಸ್ವರೂಪವನ್ನು ಗಮನಿಸಬೇಕು. ಮೇಲೂರಿನಂತಹ ಗ್ರಾಮದ ಅಂತರ್ಧರ್ಮೀಯ ಜೋಡಿಯೂ ವಿವಾಹಾಧಿಕಾರಿಗೆ ನೋಟಿಸು ಕೊಟ್ಟು, 30 ದಿನ ಕಾದು, ಮದುವೆಯಾಗಬಹುದು. ಆ ಅವಧಿಯಲ್ಲಿ ಯಾರು ಬೇಕಾದರೂ ತಕರಾರು ಸಲ್ಲಿಸಬಹುದು. ಆದರೆ ಅದಕ್ಕೆ ಆಧಾರಗಳು ಕೆಲವೇ: ಈಗಾಗಲೇ ಸಂಗಾತಿ ಇರುವುದು, ಒಪ್ಪಿಗೆ ನೀಡುವ ಮಾನಸಿಕ ಸಾಮರ್ಥ್ಯ ಇಲ್ಲದಿರುವುದು, ವಯಸ್ಸು ಸಾಲದಿರುವುದು, ನಿಷಿದ್ಧ ರಕ್ತಸಂಬಂಧ. ‘ನಮ್ಮ ಧರ್ಮ ಒಪ್ಪುವುದಿಲ್ಲ’ ಎಂಬ ತಕರಾರಿಗೆ ಇಲ್ಲಿ ಬೆಲೆಯಿಲ್ಲ. ಸಲಿಂಗ ಜೋಡಿಗೆ ಅಡ್ಡಿಯಾಗಿರುವುದು ವಯಸ್ಸಿನ ಷರತ್ತಿನಲ್ಲಿರುವ ‘ಪುರುಷ’, ‘ಸ್ತ್ರೀ’ ಎಂಬ ಪದಗಳು.

ಆಕ್ಷೇಪ 1: ವಿವಾಹ ಒಂದು ಸಂಸ್ಕಾರ

ಸೊರಬ ತಾಲ್ಲೂಕು ಮೂಲದ ಆರ್‌ಎಸ್‌ಎಸ್ ಸರಕಾರ್ಯವಾಹ ದತ್ತಾತ್ರೇಯ ಹೊಸಬಾಳೆ ಅವರು 2023ರ ಮಾರ್ಚ್‌ನಲ್ಲಿ ಇದೇ ವಾದ ಮುಂದಿಟ್ಟಿದ್ದರು. ಹಿಂದೂ ಜೀವನಕ್ರಮದಲ್ಲಿ ವಿವಾಹವು ಗಂಡು–ಹೆಣ್ಣಿನ ನಡುವಿನ ಸಂಸ್ಕಾರವೇ ಹೊರತು ಕರಾರಲ್ಲ ಎಂಬುದು ಅದರ ಸಾರ.

ಉತ್ತರ: ಸಂಸ್ಕಾರವನ್ನು ಬದಲಿಸುವಂತೆ ಯಾರೂ ಕೇಳುತ್ತಿಲ್ಲ. ಸಂಸ್ಕಾರವೆಂಬ ಕಾರಣಕ್ಕೇ ವಿವಾಹಬಂಧನ ಬಿಡಿಸಲಾಗದ್ದು ಎಂದು ಹಿಂದೆ ಭಾವಿಸಲಾಗುತ್ತಿತ್ತು. 1955ರ ಹಿಂದೂ ವಿವಾಹ ಕಾಯ್ದೆ ವಿಚ್ಛೇದನಕ್ಕೆ ಅವಕಾಶ ಕೊಟ್ಟಿತು; ಸಪ್ತಪದಿ ನಿಂತುಹೋಗಲಿಲ್ಲ. ಕುವೆಂಪು ಅವರು ಪುರೋಹಿತರಿಲ್ಲದ ‘ಮಂತ್ರ ಮಾಂಗಲ್ಯ’ ಪದ್ಧತಿಯನ್ನು ರೂಪಿಸಿ, 1966ರಲ್ಲಿ ಪುತ್ರ ಪೂರ್ಣಚಂದ್ರ ತೇಜಸ್ವಿ ಅವರ ವಿವಾಹವನ್ನು ಸರಳವಾಗಿ ನೆರವೇರಿಸಿದರು. ಶಾಸ್ತ್ರೋಕ್ತ ವಿವಾಹದ ಪಕ್ಕದಲ್ಲಿ ಬೇರೆ ಬಗೆಯ ವಿವಾಹಕ್ಕೂ ಸ್ಥಳವಿದೆ ಎಂಬುದನ್ನು ಕನ್ನಡನಾಡು ಆಗಲೇ ಕಂಡಿದೆ.

ಆಕ್ಷೇಪ 2: ಶಾಸ್ತ್ರಗಳು ನಿಷೇಧಿಸಿವೆ

ಇದನ್ನು ಪೂರ್ಣವಾಗಿ ಅಲ್ಲಗಳೆಯಲಾಗದು. ಮನುಸ್ಮೃತಿ ಸಲಿಂಗ ಸಂಬಂಧಕ್ಕೆ ಪ್ರಾಯಶ್ಚಿತ್ತ ಮತ್ತು ದಂಡನೆಗಳನ್ನು ವಿಧಿಸುತ್ತದೆ. ಆದರೆ ಅದೇ ಗ್ರಂಥ ಪ್ರತಿಲೋಮ ವಿವಾಹವನ್ನೂ ಖಂಡಿಸುತ್ತದೆ.

12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ವಿವಾಹವನ್ನು ವರ್ಣಸಂಕರವೆಂದು ದೂರಲಾಯಿತು, ತಂದೆಯರಿಬ್ಬರಿಗೂ ಕ್ರೂರ ಶಿಕ್ಷೆಯಾಯಿತು ಎಂದು ಶರಣ ಪರಂಪರೆ ಹೇಳುತ್ತದೆ. ಇಂದು ಅದೇ ವಿವಾಹ ಸಮಾನತೆಯ ಸಂಕೇತವಾಗಿದೆ.

ಹರಿ–ಹರರ ಮಗನಾದ ಅಯ್ಯಪ್ಪನ ಕಥೆಯನ್ನು ಸಲಿಂಗಿಗಳ ಪರವಾಗಿ ಉಲ್ಲೇಖಿಸುವವರಿದ್ದಾರೆ. ಬೆಂಗಳೂರಿನ ಆರ್ಟ್ ಆಫ್ ಲಿವಿಂಗ್‌ನ ಶ್ರೀ ಶ್ರೀ ರವಿಶಂಕರ್ 2013ರಲ್ಲಿ ಇದನ್ನೇ ನೆನಪಿಸಿ, ಹಿಂದೂ ಸಂಸ್ಕೃತಿ ಸಲಿಂಗ ಪ್ರೇಮವನ್ನು ಅಪರಾಧವೆಂದು ಪರಿಗಣಿಸಿಲ್ಲ ಎಂದಿದ್ದರು. ಆದರೆ ಇಂತಹ ಕಥೆಗಳು ಪ್ರಾಚೀನ ಕಾಲದಲ್ಲಿ ಸಲಿಂಗ ವಿವಾಹವಿತ್ತು ಎಂಬುದಕ್ಕೆ ಸಾಕ್ಷಿಯಾಗವು. ಪರಂಪರೆಯಲ್ಲಿ ಒಂದೇ ದನಿ ಇರಲಿಲ್ಲ ಎಂಬುದಷ್ಟನ್ನೇ ತೋರಿಸುತ್ತವೆ.

ಆಕ್ಷೇಪ 3: ಪ್ರಕೃತಿಗೆ ವಿರುದ್ಧ, ಸಂತಾನವಿಲ್ಲ

ಉತ್ತರ: ಸಂತಾನವು ವಿವಾಹದ ಕಾನೂನು ಷರತ್ತಲ್ಲ. ಇಳಿವಯಸ್ಸಿನಲ್ಲಿ ಮದುವೆಯಾಗುವವರನ್ನು ನೋಂದಣಾಧಿಕಾರಿ ಆ ಪ್ರಶ್ನೆ ಕೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಸಲಿಂಗ ಕಾಮವನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ಇದನ್ನು ‘ಗುಣಪಡಿಸುವ’ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ವೃತ್ತಿ ದುರ್ನಡತೆ ಎಂದು ಘೋಷಿಸಿತು. ಮಗ ಅಥವಾ ಮಗಳನ್ನು ‘ಸರಿಪಡಿಸಲು’ ವೈದ್ಯರ ಬಳಿ ಕರೆದೊಯ್ಯುವ ಪೋಷಕರು ಇದನ್ನು ಅವಶ್ಯವಾಗಿ ತಿಳಿದಿರಬೇಕು.

ಆಕ್ಷೇಪ 4: ಇಸ್ಲಾಂ, ಕ್ರೈಸ್ತ ಧರ್ಮಗಳೂ ಒಪ್ಪುವುದಿಲ್ಲ

ಜಮೀಯತ್ ಉಲಮಾ–ಎ–ಹಿಂದ್ ಸಂಘಟನೆ ಸುಪ್ರೀಂ ಕೋರ್ಟಿನಲ್ಲಿ ಅರ್ಜಿಗಳನ್ನು ವಿರೋಧಿಸಿತ್ತು. ಕ್ಯಾಥೊಲಿಕ್ ಧರ್ಮಸಭೆಯ ಪ್ರಕಾರವೂ ವಿವಾಹ ಗಂಡು–ಹೆಣ್ಣಿನ ನಡುವಿನದು. ಆದರೂ ಪೋಪ್ ಫ್ರಾನ್ಸಿಸ್ ಅವರ ಅವಧಿಯಲ್ಲಿ, 2023ರ ಡಿಸೆಂಬರ್‌ನಲ್ಲಿ, ಸಲಿಂಗ ಜೋಡಿಗಳಿಗೆ ಪಾದ್ರಿಗಳು ಆಶೀರ್ವಾದ ನೀಡಬಹುದೆಂದು ವ್ಯಾಟಿಕನ್ ಪ್ರಕಟಿಸಿತು. ಅದನ್ನು ವಿವಾಹವೆಂದು ಭಾವಿಸಬಾರದೆಂದೂ ಹೇಳಿತು.

ಉತ್ತರ: ಸಂವಿಧಾನದ 25 ಮತ್ತು 26ನೇ ವಿಧಿಗಳು ಧಾರ್ಮಿಕ ಸ್ವಾತಂತ್ರ್ಯವನ್ನು ರಕ್ಷಿಸುತ್ತವೆ. ವಿಶೇಷ ವಿವಾಹ ಕಾಯ್ದೆಯಡಿಯ ನೋಂದಣಿಗೆ ಮಸೀದಿಯಾಗಲಿ, ಚರ್ಚಾಗಲಿ, ಮಠವಾಗಲಿ ಬೇಕಿಲ್ಲ. ಯಾವ ಧರ್ಮಗುರುವೂ ಮದುವೆ ಮಾಡಿಸಬೇಕಿಲ್ಲ. ತನ್ನ ಅನುಯಾಯಿಗೆ ವ್ರತ ವಿಧಿಸುವ ಅಧಿಕಾರ ಧರ್ಮಕ್ಕಿದೆ. ಆ ವ್ರತವನ್ನು ಅನ್ಯರ ಮೇಲೆ ಕಾನೂನಾಗಿ ಹೇರುವುದು ಬೇರೆಯೇ ವಿಷಯ.

ಆಕ್ಷೇಪ 5: ಇದು ಪಾಶ್ಚಾತ್ಯ ಅನುಕರಣೆ

ಉತ್ತರ: ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಕಲಮು 1860ರ ಬ್ರಿಟಿಷ್ ಶಾಸನದ ಭಾಗ. ವಯಸ್ಕರ ಸಮ್ಮತಿಯ ಸಂಬಂಧವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಅದರಿಂದ ಮುಕ್ತಗೊಳಿಸಿತು. ಸಲಿಂಗ ಪ್ರೇಮಿಯ ಬದುಕನ್ನು ಚಿತ್ರಿಸಿದ ವಸುಧೇಂದ್ರ ಅವರ ‘ಮೋಹನಸ್ವಾಮಿ’ 2013ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು. ನೆರೆಯ ನೇಪಾಳದಲ್ಲಿ 2023ರಲ್ಲಿ ಇಂತಹ ಮೊದಲ ವಿವಾಹ ನೋಂದಣಿಯಾಗಿದೆ. ಬೌದ್ಧ ಬಹುಸಂಖ್ಯಾತ ಥಾಯ್ಲೆಂಡ್‌ನಲ್ಲಿ 2025ರ ಜನವರಿಯಿಂದ ಕಾನೂನೇ ಜಾರಿಯಲ್ಲಿದೆ.

ಇಂದಿನ ಸ್ಥಿತಿ

ಮಾನ್ಯತೆ ಇಲ್ಲದ ಕಾರಣ ಸಂಗಾತಿಗೆ ಉತ್ತರಾಧಿಕಾರ ತಾನಾಗಿ ಬರುವುದಿಲ್ಲ, ಕುಟುಂಬ ಪಿಂಚಣಿಯೂ ಸಿಗುವುದಿಲ್ಲ. ಹಲವು ವರ್ಷ ಜೊತೆಗಿದ್ದವರೂ ಆಸ್ಪತ್ರೆಯಲ್ಲಿ ಹೊರಗಿನವರಾಗಬಹುದು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿಯಾಗಿಸಲು ನಿರ್ಬಂಧವಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ತಿಳಿಸಿದೆ. ಪಡಿತರ ಚೀಟಿಗಾಗಿ ಇಂತಹ ಜೋಡಿಗಳನ್ನು ಒಂದೇ ಕುಟುಂಬವೆಂದು ಪರಿಗಣಿಸುವಂತೆಯೂ ರಾಜ್ಯಗಳಿಗೆ ಸೂಚಿಸಲಾಗಿದೆ. ಆಸ್ತಿಯ ವಿಷಯದಲ್ಲಿ ಉಯಿಲು ಬರೆದಿಡುವುದು ಕ್ಷೇಮ.

ವಿವಾಹವು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವ ವಿಷಯ. ಸಂಸತ್ತಿನಂತೆ ರಾಜ್ಯ ವಿಧಾನಮಂಡಲವೂ ಈ ಕುರಿತು ಶಾಸನ ರಚಿಸಲು ಅವಕಾಶವಿದೆ. ಆ ಚರ್ಚೆ ಸದನಕ್ಕೆ ಬಂದಾಗ ಧರ್ಮಗಳ ಮಾತನ್ನು ಗೌರವದಿಂದ ಕೇಳಲೇಬೇಕು. ಆದರೆ ಅಲ್ಲಿ ನಿರ್ಧಾರವಾಗಬೇಕಾದುದು ಯಾವ ವಿವಾಹ ಪವಿತ್ರ ಎಂಬುದಲ್ಲ. ಯಾವುದನ್ನು ನೋಂದಾಯಿಸಬಹುದು ಎಂಬುದು ಮಾತ್ರ.