ದುಡಿಯುವ ನಾಯಿಯ ತಳಿ: ಉಳಿಸುವ ಹೊಣೆ ಯಾರದು?



ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯನ್ನು ಓದಿದವರಿಗೆ ಗುತ್ತಿಯ ನಾಯಿ ಹುಲಿಯ ಮರೆಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ತೀರ್ಥಹಳ್ಳಿ ಸೀಮೆಯ ಕಥೆ ಅದು. ಆ ಕಾಲದ ಮಲೆನಾಡಿನಲ್ಲಿ ನಾಯಿ ಅಂಗಳದ ಅಲಂಕಾರವಾಗಿರಲಿಲ್ಲ. ಒಡೆಯನೊಡನೆ ಕಾಡುದಾರಿ ನಡೆಯುವುದು, ಹಳುವಿನಲ್ಲಿ ಹಂದಿಯನ್ನು ತಡೆದು ನಿಲ್ಲಿಸುವುದು, ರಾತ್ರಿ ಕೊಟ್ಟಿಗೆ ಕಾಯುವುದು ಅದರ ಕೆಲಸ.

ಈ ನಾಯಿಗಳಿಗೆ ತಳಿಯ ಹೆಸರಿರಲಿಲ್ಲ. ಅವುಗಳ ವಂಶಾವಳಿಯನ್ನು ಯಾರೂ ಬರೆದಿಡಲಿಲ್ಲ. ಆದರೆ ಮಾನದಂಡವೊಂದಿತ್ತು. ಕೆಲಸ ಬಲ್ಲ ನಾಯಿ ಈದರೆ ಮರಿಗೆ ಬೇಡಿಕೆ. ಅಳುಕುವ ನಾಯಿಯ ಮರಿಯನ್ನು ಕೇಳುವವರಿಲ್ಲ. ಜೀವಶಾಸ್ತ್ರ ಇದನ್ನೇ ಆಯ್ಕೆ ಎನ್ನುತ್ತದೆ. ಇಲ್ಲಿ ಕೆಲಸವೇ ಪರೀಕ್ಷಕ.

ನಾಯಿಯ ಕೆಲಸಕ್ಕೆ ಗೌರವ ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಿಲಾಶಾಸನವನ್ನು ನೋಡಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ‘ಬೇಕಾದುದನ್ನು ಕೇಳು’ ಎಂದಾಗ ಅವನು ಕೇಳಿದ್ದು ‘ಕಾಳಿ’ ಎಂಬ ನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಕಲ್ಲು ಉಳಿಸಿದ್ದು ಒಂದು ನಾಯಿಯ ಹೆಸರನ್ನು. ತಳಿಯನ್ನು ಉಳಿಸಬೇಕಾದರೆ ತಲೆಮಾರಿನಿಂದ ತಲೆಮಾರಿಗೆ ಯಾರಾದರೂ ಹೊಣೆ ಹೊರಬೇಕು.

ಅಂಥ ಹೊಣೆಯನ್ನು ಅರಸರೊಬ್ಬರು ಹೊತ್ತ ಉದಾಹರಣೆ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದ್ದು. ಸುತ್ತಲಿನ ಬೇಟೆಗಾರರ ಬಳಿ ಇದ್ದ, ಕಣ್ಣಿನಿಂದಲೇ ಬೇಟೆಯನ್ನು ಗುರುತಿಸಿ ಬೆನ್ನಟ್ಟುವ ತೆಳುಮೈಯ ನಾಯಿಗಳನ್ನು ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಆರಿಸಿ ಬೆಳೆಸಿದರು. ಊರಿನ ಹೆಸರೇ ತಳಿಯ ಹೆಸರಾಯಿತು. 1948ರಲ್ಲಿ ಸಂಸ್ಥಾನ ವಿಲೀನವಾಯಿತು, ಅರಮನೆಯ ಆಶ್ರಯ ಮುಗಿಯಿತು. ಆದರೂ ತಳಿ ಅಳಿಯಲಿಲ್ಲ. ಮುಧೋಳದ ಹಳ್ಳಿಗರ ಮನೆಗಳಲ್ಲಿ ಅದು ಬೆಳೆಯುತ್ತಲೇ ಇತ್ತು.

ನಂತರ ಬಂದವರು ಕ್ಲಬ್ಬಿನವರು. ಅವರಲ್ಲೂ ಒಮ್ಮತವಿಲ್ಲ. ಕೆನ್ನೆಲ್ ಕ್ಲಬ್ ಆಫ್ ಇಂಡಿಯಾ ಇದನ್ನು ‘ಕಾರವಾನ್ ಹೌಂಡ್’ ಎಂದರೆ, ಇಂಡಿಯನ್ ನ್ಯಾಷನಲ್ ಕೆನ್ನೆಲ್ ಕ್ಲಬ್ ‘ಮುಧೋಳ್ ಹೌಂಡ್’ ಎನ್ನುತ್ತದೆ. ಸರ್ಕಾರವೂ ಹಿಂದುಳಿಯಲಿಲ್ಲ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರವಿರುವ ಅಂಚೆಚೀಟಿ ತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಸೇನೆ ಮರಿಗಳನ್ನು ತರಬೇತಿಗಾಗಿ ಮೀರತ್‌ಗೆ ಒಯ್ದಿತು.

ಹಾಗಾದರೆ ಹೊಣೆ ಯಾರದು? ಅರಸನದೇ, ಕ್ಲಬ್ಬಿನದೇ, ಸರ್ಕಾರದ್ದೇ, ಸಾಕುವವನದೇ?

ಇಲ್ಲಿ ವಿಜ್ಞಾನದ ಎಚ್ಚರಿಕೆಯೊಂದಿದೆ. ಕಾಗದದ ಮೇಲಿನ ಮಾನದಂಡ ಹೆಚ್ಚಾಗಿ ಅಳೆಯುವುದು ಎತ್ತರ, ಕಿವಿ, ಬಣ್ಣಗಳನ್ನು. ಓಟದ ದಮ್ಮು, ಧೈರ್ಯ, ಒಡೆಯನ ಮಾತು ಕೇಳುವ ಗುಣ ಟೇಪಿಗೆ ಸಿಗುವುದಿಲ್ಲ. ರೂಪ ನೋಡಿಯೇ ಆರಿಸುತ್ತಾ ಹೋದರೆ ರೂಪ ಉಳಿದು ಗುಣ ಸೋರಿಹೋಗಬಹುದು. ಕೆಲವೇ ನಾಯಿಗಳ ಒಳಸಂಬಂಧದಿಂದ ಮರಿ ಪಡೆಯುತ್ತಿದ್ದರೆ ಅಡಗಿದ್ದ ರೋಗಗಳು ತಲೆಯೆತ್ತುತ್ತವೆ. ಬ್ರಿಟನ್ನಿನ ಕುರಿಗಾಹಿಗಳು ಇದನ್ನು ಅರಿತಿದ್ದರು. 1906ರಲ್ಲಿ ಅವರು ಸ್ಥಾಪಿಸಿದ ಅಂತರರಾಷ್ಟ್ರೀಯ ಕುರಿನಾಯಿ ಸಂಘ, ರೂಪಕ್ಕಿಂತ ಕುರಿ ಮೇಯಿಸುವ ಜಾಣ್ಮೆಗೆ ಬೆಲೆ ಕೊಟ್ಟಿತು. ಅಲ್ಲಿನ ಕೆನ್ನೆಲ್ ಕ್ಲಬ್ ‘ಬಾರ್ಡರ್ ಕೋಲಿ’ಯನ್ನು ಪ್ರದರ್ಶನದ ತಳಿಯಾಗಿ ಮಾನ್ಯ ಮಾಡಿದ್ದು 1976ರಲ್ಲಿ.

ಆದ್ದರಿಂದ ಹೊಣೆಯನ್ನು ಹಂಚಿಕೊಳ್ಳಬೇಕು. ದಾಖಲೆ, ರೋಗಪರೀಕ್ಷೆ, ಸಂಶೋಧನೆ ಸರ್ಕಾರದ ಪಾಲು; ಒಪ್ಪಿತ ಹೆಸರು ಮತ್ತು ಮಾನದಂಡ ಕ್ಲಬ್ಬಿನ ಪಾಲು. ಮೊದಲ ಹೊಣೆ ಮಾತ್ರ ನಾಯಿಯಿಂದ ಕೆಲಸ ತೆಗೆಯುವವನದು. ಯಾವ ನಾಯಿ ಒಳ್ಳೆಯದೆಂದು ಅವನಿಗೆ ಗೊತ್ತು. ಆದರೆ ಅವನ ತಿಳಿವಳಿಕೆಗೆ ಬೆಲೆ ಸಿಗದಿದ್ದರೆ ಅವನಾದರೂ ಏಕೆ ಸಾಕಿಯಾನು?

ಮತ್ತೆ ಮಲೆನಾಡಿಗೆ ಬರೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಅಪರಾಧ, ಅದು ಸರಿಯೇ. ಬೇಟೆ ಹೋದರೂ ಮನೆ, ಕೊಟ್ಟಿಗೆ, ಅಡಕೆ ತೋಟ ಕಾಯುವ ಕೆಲಸ ಹೋಗಿಲ್ಲ. ಹಾಗಿದ್ದೂ ಊರನಾಯಿಯನ್ನು ‘ಕಂತ್ರಿ’ ಎಂದು ಹೀಗಳೆದು, ಸೆಕೆಗೆ ಏದುಸಿರು ಬಿಡುವ ಪರದೇಶದ ನಾಯಿಗೆ ಹಣ ಸುರಿಯುತ್ತೇವೆ. ಇಲ್ಲಿನದೇ ಗಿಡ್ಡ ದನವನ್ನೂ ಒಂದು ಕಾಲಕ್ಕೆ ಹೀಗೆಯೇ ಕಡೆಗಣಿಸಿದ್ದರು. ವಿಜ್ಞಾನಿಗಳು ಅಳೆದು, ಬರೆದು, ದಾಖಲಿಸಿದ ಮೇಲೆ 2012ರಲ್ಲಿ ‘ಮಲೆನಾಡು ಗಿಡ್ಡ’ ರಾಷ್ಟ್ರೀಯ ನೋಂದಣಿ ಪಡೆಯಿತು.

ಊರನಾಯಿಯಲ್ಲಿ ಪ್ರತ್ಯೇಕ ತಳಿ ಇದೆಯೇ ಎಂಬುದನ್ನು ಪರೀಕ್ಷೆಯೇ ಹೇಳಬೇಕು. ಪರೀಕ್ಷೆಗೆ ಮೊದಲು ದಾಖಲೆ ಬೇಕು. ನಿಮ್ಮೂರಿನ ಹಿರಿಯರನ್ನು ಕೇಳಿ: ಒಳ್ಳೆಯ ನಾಯಿಮರಿಯನ್ನು ಹೇಗೆ ಆರಿಸುತ್ತಿದ್ದಿರಿ, ಅದರ ತಾಯಿ ಯಾವ ಕೆಲಸ ಬಲ್ಲದಾಗಿತ್ತು? ಅವರ ಉತ್ತರವನ್ನು ಬರೆದಿಡಿ. ಅದು ಅವರೊಂದಿಗೇ ಹೋದರೆ ಮತ್ತೆ ಕೇಳಲು ಯಾರೂ ಸಿಗುವುದಿಲ್ಲ.